ಕಂಬಳಿಯೊಳಗೆ ಕೇಳಿದ ಮಾತು

ಓಬಯ್ಯನ ಕೆಲಸ ಏನು ಎಂದು ಕೊಂಡ್ಲಹಳ್ಳಿ ಕಡೆಯ ಯಾರನ್ನಾದರೂ ಕೇಳಿ ನೋಡಿ, ‘ಮಾತು ಬಿಡಿಸೋನು’ ಅನ್ನುತ್ತಾರೆ. ವಾರದ ಉಳಿದ ದಿನ ಅವನೂ ಎಲ್ಲರಂತೆ ಮಳೆ ನಂಬಿದ ಶೇಂಗಾ ಹೊಲ, ನಾಲ್ಕು ಕುರಿ, ಸಿಕ್ಕಿದರೆ ಕೂಲಿ ಎಂದು ಓಡಾಡುವವನೇ. ಮಂಗಳವಾರ ಮಾತ್ರ ಬೇರೆ. ಅವತ್ತು ಹಟ್ಟಿಯ ಹಿಂದಿನ ಗುಡ್ಡದಲ್ಲಿ, ಬಂಡೆಯ ಕೆಳಗಿರುವ ಅಮ್ಮನ ಗುಡಿಗೆ ಜನ ಬರುತ್ತಾರೆ. ಓಬಯ್ಯನ ಹೆಂಡತಿ ಉಚ್ಚಂಗೆಮ್ಮನ ಮೈಮೇಲೆ ಅಮ್ಮ ಬರುತ್ತಾಳೆ. ಅಮ್ಮ ಆಡಿದ್ದನ್ನು ಓಬಯ್ಯ ಬಂದವರಿಗೆ ಬಿಡಿಸಿ ಹೇಳುತ್ತಾನೆ.

ಅದರ ಕ್ರಮ ನೋಡದವರಿಗೆ ಸ್ವಲ್ಪ ಹೇಳಬೇಕು. ಉರುಮೆ ಬಡಿಯುವ ಯರ್ರಪ್ಪ ಗುಡಿಯ ಮುಂದೆ ನಿಲ್ಲುತ್ತಾನೆ. ಉಚ್ಚಂಗೆಮ್ಮ ಬಂಡೆಗೆ ಬೆನ್ನು ಕೊಟ್ಟು ಕೂರುತ್ತಾಳೆ. ಬಂದವರು ತಮ್ಮ ಕಷ್ಟವನ್ನು ಎಲ್ಲರ ಎದುರಿಗೇ ಹೇಳಿಕೊಳ್ಳುತ್ತಾರೆ. ಉರುಮೆಯ ಸದ್ದು ಏರಿ ಅವಳ ಭುಜ ನಡುಗಲು ಶುರುವಾದ ಕೂಡಲೇ ಓಬಯ್ಯ ಪಕ್ಕದಲ್ಲಿ ಹೋಗಿ ಕೂರುತ್ತಾನೆ, ಇಬ್ಬರ ತಲೆಯ ಮೇಲೂ ಒಂದೇ ಕರಿ ಕಂಬಳಿ ಮುಚ್ಚುತ್ತಾರೆ. ಅಮ್ಮ ಮಾತಾಡುವುದು ಆ ಕತ್ತಲೆಯೊಳಗೆ, ಹಳೇ ಕಾಲದ ತೆಲುಗಿನಲ್ಲಿ, ಒಂದೇ ಉಸಿರಿಗೆ, ಒಂದೇ ಸಲ. ಹೊರಗಿದ್ದವರಿಗೆ ಉರುಮೆ ಬಿಟ್ಟು ಬೇರೇನೂ ಕೇಳುವುದಿಲ್ಲ. ಕಂಬಳಿಯೊಳಗೆ ಓಬಯ್ಯ ಕಿವಿ ಮಾತ್ರ, ಅಲ್ಲಿ ಅವನು ತುಟಿ ಬಿಚ್ಚುವಂತಿಲ್ಲ. ಹೊರಗೆ ಬಂದ ಮೇಲೆ ಅವನದೇ ಬಾಯಿ. ಉಚ್ಚಂಗೆಮ್ಮನಿಗೆ ತಾನು ಏನಂದೆ ಎಂಬುದು ನೆನಪಿರುವುದಿಲ್ಲ. ಒಂದು ಚೆಂಬು ಮಜ್ಜಿಗೆ ಕುಡಿದು ಸುಧಾರಿಸಿಕೊಂಡ ಮೇಲೆ, “ಅಮ್ಮ ಏನಂದ್ಲು?” ಎಂದು ಅವಳೂ ಎಲ್ಲರ ಹಾಗೆ ಗಂಡನನ್ನೇ ಕೇಳುತ್ತಾಳೆ. ಇನ್ನೂ ಒಂದು ಕಟ್ಟು ಇದೆ. ಅಮ್ಮ ಯಾರ ಮನೆಗೆ ಬರುತ್ತಾಳೋ ಆ ಮನೆಯವರು ತಮ್ಮ ಮನೆಯ ಸಂಗತಿಯನ್ನು ಅವಳ ಮುಂದೆ ಕೇಳುವಂತಿಲ್ಲ.

ಓಬಯ್ಯನಿಗೆ ಈ ಕೆಲಸ ಬಂದದ್ದು ಅವನ ಅಪ್ಪನಿಂದ. ಆಗ ಅಮ್ಮ ಬರುತ್ತಿದ್ದುದು ಸೋದರತ್ತೆ ಕರಿಯಕ್ಕನ ಮೇಲೆ. ಅಪ್ಪ ಪಾಠ ಮಾಡಿದವನಲ್ಲ. ಜಗಲಿಯ ಮೇಲೆ ಬಿತ್ತನೆಯ ಶೇಂಗಾ ಬಿಡಿಸುತ್ತಾ ಕೂತಿದ್ದಾಗ, ಓಬಯ್ಯ ಅವಸರಕ್ಕೆ ಹಲ್ಲಿನಲ್ಲಿ ಕಚ್ಚಿ ಕಾಳು ಸೀಳಿದ್ದನ್ನು ನೋಡಿ ಅವನ ಕೈಮೇಲೆ ಒಂದು ಏಟು ಹಾಕಿ ಹೇಳಿದ್ದ.

“ಬಿಡಿಸೋದು ಬ್ಯಾರೆ, ಒಡೆಯೋದು ಬ್ಯಾರೆ ಕಣ್ಲಾ. ಒಡೆದ ಕಾಳು ಬಿತ್ತಾಕೆ ಬರಲ್ಲ. ಅಮ್ಮನ ಮಾತೂ ಹಂಗೇಯ. ಕೇಳಾಕೆ ಬಂದೋರು ಅದನ್ನ ಮನೀಗೆ ತಗಂಡು ಹೋಗಿ ಬಿತ್ಕಾಬೇಕು.”

ಆಮೇಲೂ ಅಪ್ಪ ಆಗಾಗ ಒಂದೊಂದು ಮಾತು ಎತ್ತಿ ತೂಗುತ್ತಿದ್ದ. ತಿಳಿಸುವುದು ಅಂಚೆಯವನ ಕೆಲಸ, ಚೀಟಿ ಕೈಗಿಟ್ಟು ಸೈಕಲ್ ಹತ್ತಿಬಿಡುತ್ತಾನೆ, ಮನೆಯವರು ಅತ್ತರೆ ಅವನಿಗೇನು ಅನ್ನುತ್ತಿದ್ದ. ವಿವರಿಸುವುದು ಮೇಷ್ಟ್ರಿಗೆ ಬಿಟ್ಟದ್ದು, ಅವರು ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನವರು ಗೊರಕೆ ಹೊಡೆಯುತ್ತಿರುತ್ತಾರೆ. ತಿಳಿ ಹೇಳಬೇಕಾದರೆ ತಲೆ ನರೆತಿರಬೇಕು, ಕೇಳುವವನ ಹೆಗಲ ಮೇಲೆ ಕೈ ಇಡುವಷ್ಟು ಸಲಿಗೆ ಇರಬೇಕು. ಇನ್ನು ಸಮಜಾಯಿಷಿ ಎಂದರೆ ಅಪ್ಪನಿಗೆ ಆಗುತ್ತಲೇ ಇರಲಿಲ್ಲ, ತಪ್ಪು ಮಾಡಿದವನು ಮಾತ್ರ ಅದನ್ನು ಕೊಡುತ್ತಾನೆ ಎಂದು ಮುಖ ಸಿಂಡರಿಸುತ್ತಿದ್ದ.

“ಮತ್ತೆ ಒಡೆದು ಹೇಳೋದು ಯಾರ ಕೆಲಸ ಅಪ್ಪಾ?” ಎಂದು ಓಬಯ್ಯ ಕೇಳಿದ್ದ.

“ಅದು ಯಾರ ಕೆಲಸಾನೂ ಅಲ್ಲ. ಬ್ಯಾರೆ ದಾರಿ ಇಲ್ದೋನು ಮಾಡ್ತಾನೆ.”

ಓಬಯ್ಯ ಅಪ್ಪನಿಗಿಂತ ಒಂದು ಕೈ ಮೇಲಾದ. ರಾಯದುರ್ಗದ ಕಡೆಯಿಂದ ಒಬ್ಬ ಬಂದು, ಹೆಂಡತಿ ತವರಿಗೆ ಹೋದವಳು ತಿರುಗಿ ಬರುತ್ತಿಲ್ಲ ಎಂದು ಅಲವತ್ತುಕೊಂಡಾಗ ಅಮ್ಮ ಅಂದದ್ದು ‘ಚೆಯ್ಯಿ’ ಎಂಬ ಒಂದೇ ಮಾತು, ಎಂದರೆ ಕೈ. ಹೆಂಡತಿಯನ್ನು ಹೊಡೆದು ಓಡಿಸಿದ್ದೀಯಲ್ಲೋ ಎಂದು ನಾಲ್ಕು ಜನರ ಮುಂದೆ ಅವನ ಮಾನ ಕಳೆಯಬಹುದಿತ್ತು. ಓಬಯ್ಯ ಹಾಗೆ ಮಾಡಲಿಲ್ಲ. “ಬೀಗರ ಮನೀಗೆ ಹೋಗಪ್ಪ. ಹೋಗಿ ಈ ಎರಡೂ ಕೈ ಮುಗಿ. ಇನ್ನು ಮ್ಯಾಲೆ ಕೈಗೆ ಅದೊಂದೇ ಕೆಲಸ ಅಂತ ಅಮ್ಮ ಹೇಳವ್ಳೆ” ಅಂದ. ಆ ಮನುಷ್ಯ ತನ್ನ ಅಂಗೈಯನ್ನೇ ನೋಡಿಕೊಂಡು ಎದ್ದುಹೋದ. ಶ್ರಾವಣದಲ್ಲಿ ಹೆಂಡತಿಯನ್ನು ಕರೆದುಕೊಂಡು ಬಂದು ಕಾಯಿ ಒಡೆಸಿದ. ಹಾಗಂತ ಓಬಯ್ಯನ ಮಾತೆಲ್ಲ ನಿಜವಾಗುತ್ತಿತ್ತು ಎಂದಲ್ಲ. ಒಂದು ವರ್ಷ ಮಳೆ ಬರುತ್ತದೆ ಎಂದು ಹೇಳಿ, ಬಾರದೆ ಹೋಗಿ, ಹಟ್ಟಿಯವರು ಜಗಳಕ್ಕೇ ಬಂದಾಗ, “ಅಮ್ಮ ಮಳೆ ಅಂದ್ಲು. ಯಾವ ಊರಿಗೆ ಅಂತ ನೀವು ಕೇಳ್ಲಿಲ್ಲ” ಎಂದು ಜಾರಿಕೊಂಡಿದ್ದ. ಅಪ್ಪ ಬದುಕಿದ್ದರೆ ಇದಕ್ಕೂ ಕೈಮೇಲೆ ಒಂದು ಬೀಳುತ್ತಿತ್ತು.

ಕಂಬಳಿಯೊಳಗೆ ಮಾತಾಡುವುದು ಅಮ್ಮನೋ, ಉಚ್ಚಂಗೆಮ್ಮನೋ ಎಂದು ಯಾರೂ ಓಬಯ್ಯನನ್ನು ಕೇಳಿದ್ದಿಲ್ಲ. ಅವನು ಮಾತ್ರ ಒಳಗೊಳಗೇ ಕೇಳಿಕೊಂಡಿದ್ದ. ಅವಳ ಉಸಿರು, ಅವಳು ಅಗಿದ ಎಲೆ ಅಡಿಕೆಯ ವಾಸನೆ, ಬೆಳಿಗ್ಗೆ ರಾಗಿ ಹಿಟ್ಟು ಎಲ್ಲಿಟ್ಟೆ ಎಂದು ಬೈದ ಅದೇ ಗಂಟಲು. ನಂಬಿದ್ದೇನೆ ಎಂದು ಆಣೆ ಇಡಲಾರ, ನಂಬಿಲ್ಲ ಎಂದೂ ಇಡಲಾರ. ಮಂಗಳವಾರ ಬಂದರೆ ಹೋಗಿ ಪಕ್ಕದಲ್ಲಿ ಕೂರುತ್ತಿದ್ದ, ಅಷ್ಟೇ.

ಇವರಿಗೆ ಒಬ್ಬನೇ ಮಗ, ಮಹಾಂತೇಶ. ನಾಯಕನಹಟ್ಟಿಯ ಶೃತಿಯನ್ನು ತಂದು ಮದುವೆ ಮಾಡಿದ್ದರು. ಮದುವೆಯಾದ ವರ್ಷವೇ ಅವನು ಬೋರ್‌ವೆಲ್ ಲಾರಿಯ ಜೊತೆ ಕೆಲಸಕ್ಕೆ ಸೇರಿ ತೆಲಂಗಾಣದ ಆಚೆಯ ಕಾಡುಸೀಮೆಗೆ ಹೋದ. ಲಾರಿಯವರು ಒಂದೂರಲ್ಲಿ ನಿಲ್ಲುವವರಲ್ಲ. ಕೊರೆದರು, ನೀರು ಬಂತೋ ಬಿಟ್ಟಿತೋ, ಮುಂದಿನ ಊರು. ಶೃತಿ ಇಲ್ಲೇ ಅತ್ತೆ ಮಾವನ ಜೊತೆ ಉಳಿದಳು. ದಿನಾ ಬೆಳಿಗ್ಗೆ ಬಸ್ಸು ಹಿಡಿದು ಮೊಳಕಾಲ್ಮೂರಿಗೆ ಹೋಗಿ, ರೇಷ್ಮೆ ಸೀರೆ ನೇಯುವವರ ಮನೆಯಲ್ಲಿ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿ ಸಂಜೆ ಬರುತ್ತಿದ್ದಳು. ಗಂಡ ಹೆಂಡತಿ ಮಾತೆಲ್ಲ ಫೋನಿನಲ್ಲೇ. ಅವಳು ನಗುವುದು ಹಿತ್ತಿಲಿನಿಂದ ಕೇಳಿದರೆ ಮಹಾಂತೇಶ ಫೋನಿನಲ್ಲಿದ್ದಾನೆ ಎಂದು ಅರ್ಥ.

ಆ ಫೋನು ಬಂದಾಗ ಓಬಯ್ಯ ಚಳ್ಳಕೆರೆಯ ಬಸ್‌ಸ್ಟ್ಯಾಂಡಿನಲ್ಲಿದ್ದ. ಕುರಿ ಸಂತೆ ಮುಗಿಸಿ, ಚಹಾ ಕುಡಿದು, ಊರಿನ ಬಸ್ಸಿಗೆ ಕಾಯುತ್ತಿದ್ದ. ಮಾತಾಡಿದವನು ಲಾರಿಯ ಡ್ರೈವರ್. ಅವನದು ಹರಕು ಮುರುಕು ತೆಲುಗು. ಅದರಲ್ಲಿ ಬಿಡಿಸಿ ಹೇಳುವುದಕ್ಕೆ ಅವನಿಗೆ ಬರುತ್ತಿರಲಿಲ್ಲ. ಮೊನ್ನೆ ಮಧ್ಯಾಹ್ನ ಹುಡುಗರು ಹೊಳೆಗೆ ಸ್ನಾನಕ್ಕೆ ಇಳಿದರು, ಮೇಲೆಲ್ಲೋ ಮಳೆಯಾಗಿತ್ತು, ಒಮ್ಮೆಗೇ ನೀರು ಬಂತು, ನಿಮ್ಮ ಹುಡುಗ ಹೋದ ಅಂದ. ಎರಡು ದಿನ ಹುಡುಕಿದೆವು, ಹೆಣ ಸಿಗಲಿಲ್ಲ ಅಂದ. ಓಬಯ್ಯ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಕೊಂಡ್ಲಹಳ್ಳಿ ಬಸ್ಸು ಬಂದು, ಜನ ಹತ್ತಿ, ಹೊರಟು ಹೋಯಿತು. ಹನಿ ನೀರಿಗೆ ಬಾಯಿ ಬಿಡುವ ಸೀಮೆಯಲ್ಲಿ ಹುಟ್ಟಿದ ಹುಡುಗ, ಮೊಣಕಾಲಿಗಿಂತ ಆಳದ ನೀರಿಗೆ ಇಳಿದು ಗೊತ್ತಿಲ್ಲದ ಹುಡುಗ, ನೀರಿನಲ್ಲಿ ಹೋದ.

ಮುಂದಿನ ಬಸ್ಸಿನಲ್ಲಿ ಊರಿಗೆ ಬರುವವರೆಗೂ ಅವನು ಮಾತು ಜೋಡಿಸುತ್ತಲೇ ಇದ್ದ. ಮೊದಲು ಹುಷಾರಿಲ್ಲ ಅನ್ನಬೇಕು, ಆಮೇಲೆ ಆಸ್ಪತ್ರೆ ಅನ್ನಬೇಕು, ನಾಳೆ ಉಳಿದದ್ದು. ಹೀಗೆ ಒಂದೊಂದೇ ಪದರ ಬಿಡಿಸುತ್ತಾ ಹೋದರೆ ಹೆಂಗಸರು ತಡೆದುಕೊಳ್ಳುತ್ತಾರೆ ಎಂದುಕೊಂಡ. ಬಾಗಿಲಿಗೆ ಬರುವಷ್ಟರಲ್ಲಿ ಶೃತಿ ಎದುರಿಗೆ ನಿಂತಿದ್ದಳು.

“ಮಾವ, ನಿಮಗೇನಾದ್ರೂ ಫೋನ್ ಮಾಡಿದ್ರಾ ಅವ್ರು? ನಂಗೆ ಮೂರು ದಿನದಿಂದ ಸಿಗ್ತಿಲ್ಲ.”

“ಅಲ್ಲಿ ಕಾಡಂತಲ್ಲವ್ವ. ಸಿಗ್ನಲ್ ಇರಲ್ಲಂತೆ” ಎಂದು ಓಬಯ್ಯನ ಬಾಯಿ ಅಂದಿತು.

ಅವಳ ಮುಖ ಸಡಿಲವಾಯಿತು. ಆ ಸಡಿಲವಾದ ಮುಖವನ್ನು ನೋಡಿದವನಿಗೆ ಮುಂದಿನ ಮಾತು ಏಳಲಿಲ್ಲ. ನಾಳೆ ಹೇಳೋಣ ಅಂದುಕೊಂಡ. ಉಚ್ಚಂಗೆಮ್ಮ ಒಲೆಯ ಮುಂದಿನಿಂದ ಒಮ್ಮೆ ತಿರುಗಿ ನೋಡಿ, ಮತ್ತೆ ಮುದ್ದೆ ತಿರುವತೊಡಗಿದಳು.

ಆ ನಾಳೆ ಬರಲೇ ಇಲ್ಲ. ಒಂದು ಸುಳ್ಳಿಗೆ ಅದರ ಮುಂದಿನ ಸುಳ್ಳು ತಾನೇ ದಾರಿ ತೋರಿಸಿತು. ಲಾರಿ ಒಡಿಶಾಕ್ಕೆ ಹೋಗಿದೆ ಅಂದ. ಆಮೇಲೆ ಮಾಲೀಕನ ಜೊತೆ ಜಗಳವಾಗಿ ಮಹಾಂತೇಶ ಬೇರೆ ಲಾರಿ ಸೇರಿದ್ದಾನೆ, ಕೋಪದಲ್ಲಿ ಫೋನು ಒಡೆದುಕೊಂಡಿದ್ದಾನೆ ಅಂದ. ನಡುವೆ ಶ್ರೀಶೈಲಕ್ಕೆ ಹೋಗಿಬರುತ್ತೇನೆ ಎಂದು ಹೇಳಿ ಆ ಹೊಳೆಯ ದಡಕ್ಕೆ ಹೋಗಿ ಬಂದ. ಅಷ್ಟೊತ್ತಿಗೆ ಮಳೆ ನಿಂತು, ಹೊಳೆ ಪಾದ ಮುಳುಗುವಷ್ಟು ಹರಿಯುತ್ತಿತ್ತು. ಹೆಂಗಸೊಬ್ಬಳು ಎಮ್ಮೆ ತೊಳೆಯುತ್ತಿದ್ದಳು. ಇಷ್ಟೇ ನೀರಾ ಎಂದು ಅವನಿಗೆ ಅಳುವಿಗಿಂತ ಮೊದಲು ಸಿಟ್ಟು ಬಂತು. ದಡದಲ್ಲಿ ನಿಂತು ಮಗನ ಹೆಸರು ಹಿಡಿದು ಕೂಗಿದ. ಎಮ್ಮೆ ತೊಳೆಯುವವಳು ತಲೆಯೆತ್ತಿ ನೋಡಿದಳು.

ಮಗ ಅವನ ಜೊತೆಗೇ ಊರಿಗೆ ಬಂದನೋ ಏನೋ. ಹಾಗಂತ ಓಬಯ್ಯನಿಗೆ ಅನ್ನಿಸತೊಡಗಿತು. ಹಗಲು ಹೊತ್ತಿನಲ್ಲೇ, ಮನೆಯಲ್ಲಿ ಯಾರೂ ಇಲ್ಲದಾಗ, ಹಿತ್ತಿಲಿನಲ್ಲಿ ಗುಡಾಣದಿಂದ ನೀರು ಮೊಗೆದ ಸದ್ದಾಗುತ್ತಿತ್ತು. ಚೆಂಬು ಎತ್ತಿ ಗಟಗಟ ಕುಡಿದ ಸದ್ದೂ ಆಗುತ್ತಿತ್ತು. ಮಹಾಂತೇಶ ಚಿಕ್ಕಂದಿನಿಂದ ಹಾಗೆಯೇ ಕುಡಿಯುತ್ತಿದ್ದುದು, ಸದ್ದು ಮಾಡಬೇಡ ಎಂದು ಅವ್ವನ ಕೈಲಿ ಬೈಸಿಕೊಳ್ಳುತ್ತಿದ್ದುದು. ಎದ್ದು ಹೋಗಿ ನೋಡಿದರೆ ಯಾರೂ ಇಲ್ಲ, ಗುಡಾಣದ ಸುತ್ತ ನೆಲ ಮಾತ್ರ ಒದ್ದೆ. ಗುಡಾಣ ಜಿನುಗುತ್ತಿರಬೇಕು ಎಂದು ಹೊಸದು ತಂದಿಟ್ಟ. ಹೊಸದರ ಸುತ್ತಲೂ ನೆಲ ಒದ್ದೆಯಾಯಿತು.

ಎಲ್ಲಕ್ಕಿಂತ ಕಷ್ಟವಾದದ್ದು ಹಿರಿಯರ ಹಬ್ಬ. ಸತ್ತವರಿಗೆಲ್ಲ ಎಡೆ ಇಡುವ ದಿನ. ಸತ್ತಿದ್ದಾನೆ ಎಂದು ಹೇಳದ ಮಗನಿಗೆ ಎಡೆ ಇಡುವುದು ಹೇಗೆ? ತಾತ ಮುತ್ತಾತರೆಲ್ಲ ಉಂಡರು. ಓಬಯ್ಯ ಕಡುಬು ಅನ್ನವನ್ನು ಎಲೆಯಲ್ಲಿ ಮುಚ್ಚಿಕೊಂಡು ಹೋಗಿ ಬಣವೆಯ ಹಿಂದೆ ಇಟ್ಟ. ಕಾಗೆ ಬಂದು ಬೇಲಿಯ ಮೇಲೆ ಕೂತು ನೋಡಿ, ಮುಟ್ಟದೆ ಹಾರಿಹೋಯಿತು. ಕದ್ದು ಕೊಟ್ಟ ಕೂಳನ್ನು ಸತ್ತವರೂ ತಿನ್ನುವುದಿಲ್ಲವೇನೋ ಎಂದು ಅವನು ಅಲ್ಲೇ ಕೂತು ಅತ್ತ. ಹಸಿದವನು ಇನ್ನೆಲ್ಲಿಗೆ ಹೋಗುತ್ತಾನೆ, ಮನೆಗೇ ಬರುತ್ತಾನೆ.

ಹೀಗೇ ಎರಡು ವರ್ಷ. ಅಷ್ಟರಲ್ಲಿ ಶೃತಿಯ ಅಣ್ಣ ಮಾರುತೇಶ ತಾಳ್ಮೆ ಕಳೆದುಕೊಂಡಿದ್ದ. ಅವನು ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುವವನು. ಮಾತು ನೇರ. ಚಳ್ಳಕೆರೆಯಲ್ಲೇ ಸಣ್ಣ ಅಂಗಡಿ ಇಟ್ಟುಕೊಂಡ ಒಬ್ಬ, ಹೆಂಡತಿ ತೀರಿಕೊಂಡವನು, ಶೃತಿಯನ್ನು ಮದುವೆಯಾಗಲು ಒಪ್ಪಿದ್ದ. ತಂಗಿ ಹೂಂ ಅನ್ನುತ್ತಿರಲಿಲ್ಲ, ಊಹೂಂ ಅನ್ನುತ್ತಲೂ ಇರಲಿಲ್ಲ. ಕೊನೆಗೆ ಮಾರುತೇಶನೇ ಒಂದು ದಾರಿ ಹುಡುಕಿದ. ಅಮ್ಮ ಬರುವ ಮನೆಯವರು ಅಮ್ಮನನ್ನು ಕೇಳುವಂತಿಲ್ಲ, ಸರಿ. ಬೀಗರು ಕೇಳಬಹುದಲ್ಲ? ಹಟ್ಟಿಯ ಹಿರಿಯರು ಸ್ವಲ್ಪ ಗೊಣಗಿ, ಬೀಗರು ಹೊರಗಿನವರೇ ಎಂದು ಒಪ್ಪಿಕೊಂಡರು.

ಮಂಗಳವಾರ ಅವನು ಗುಡಿಯ ಮುಂದೆ ಕೈಮುಗಿದು ನಿಂತ. ಶೃತಿ ಕೆಲಸಕ್ಕೆ ಹೋಗದೆ, ಹೆಂಗಸರ ಹಿಂದೆ ತಲೆ ತಗ್ಗಿಸಿಕೊಂಡು ನಿಂತಿದ್ದಳು. “ನನ್ನ ತಂಗಿ ಕಾಯಬೇಕಾ, ಬ್ಯಾಡ್ವಾ? ಇಷ್ಟೇ ನನ್ನ ಪ್ರಶ್ನೆ ತಾಯಿ” ಅಂದ. ಉರುಮೆ ಏರಿತು. ಉಚ್ಚಂಗೆಮ್ಮನ ಭುಜ ನಡುಗಿತು. ಓಬಯ್ಯ ಪಕ್ಕದಲ್ಲಿ ಕೂತ, ಕಂಬಳಿ ಬಿತ್ತು.

ಒಳಗೆ ಅವಳ ಎಲೆ ಅಡಿಕೆಯ ವಾಸನೆ ಇರಲಿಲ್ಲ. ಹೊಳೆಯ ಕೆಸರಿನ ವಾಸನೆ ಇತ್ತು. ಕೊಂಡ್ಲಹಳ್ಳಿಯ ಬೇಸಿಗೆಯಲ್ಲಿ, ಹುಲ್ಲಿಗೆ ಕಡ್ಡಿ ಗೀರದೆ ಬೆಂಕಿ ಹತ್ತುವ ಆ ದಿನದಲ್ಲಿ, ಕಂಬಳಿ ತಣ್ಣಗಿತ್ತು.

“ನೀಳ್ಳಲೋ ಪೋಯಿನೋಡು ನೀಳ್ಳಲೋನೇ ಉಂಡಾಡು. ಪಿಲ್ಲನಿ ವದಲಂಡ್ರಾ.”

ನೀರಿಗೆ ಹೋದವನು ನೀರಿನಲ್ಲೇ ಇದ್ದಾನೆ, ಹುಡುಗಿಯನ್ನು ಬಿಡಿರೋ. ಇದರಲ್ಲಿ ಬಿಡಿಸುವುದಕ್ಕೆ ಏನೂ ಉಳಿದಿರಲಿಲ್ಲ. ಮಗ ನೀರಿನಲ್ಲಿ ಹೋದದ್ದು ಈ ಸೀಮೆಯಲ್ಲಿ ಓಬಯ್ಯನನ್ನು ಬಿಟ್ಟು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಡ್ರೈವರ್ ಫೋನು ಮಾಡಿದ್ದು ಅವನೊಬ್ಬನಿಗೇ. ಇಷ್ಟು ವರ್ಷ ಅರ್ಧ ನಂಬಿ ಅರ್ಧ ನಂಬದೆ ಕೂತ ಜಾಗದಲ್ಲಿ, ಪಕ್ಕದಲ್ಲಿ ಕೂತಿದ್ದು ಯಾರು ಎಂದು ಮೊದಲ ಸಲ ಹೆದರಿದ.

ಕಂಬಳಿ ತೆಗೆದರು. ಬಿಸಿಲು ಕಣ್ಣಿಗೆ ಹೊಡೆಯಿತು. ಎಲ್ಲರ ಹಿಂದೆ ಶೃತಿ ಈಗ ತಲೆಯೆತ್ತಿ ನೋಡುತ್ತಿದ್ದಳು.

“ದೂರ ಅವ್ನೆ ಅಂತಾಳೆ ಅಮ್ಮ” ಅಂದ ಓಬಯ್ಯ. “ತಣ್ಣಗವ್ನೆ. ದಾರಿ ಕಾಣಬೇಕು, ಅದಕ್ಕೆ ಕಾಲ ಕೂಡಿ ಬರಬೇಕು.”

“ಮಾವ, ಹಿಂಗೆ ಬಿಡಿಸಿ ಬಿಡಿಸಿ ಹೇಳಬ್ಯಾಡ್ರಿ” ಅಂದ ಮಾರುತೇಶ. “ನಾನು ಮಿಲ್ಲಲ್ಲಿ ಮೂಟೆ ಹೊರೋನು, ನಂಗೆ ಇದೆಲ್ಲ ತಿಳಿಯಲ್ಲ. ಒಡೆದು ಹೇಳ್ರಿ. ಕಾಯಬೇಕಾ, ಬ್ಯಾಡ್ವಾ?”

“ಕಾಯಬೇಕು” ಅಂದ ಓಬಯ್ಯ.

ಶೃತಿ ಕಣ್ಣು ಮುಚ್ಚಿ ಕೈಮುಗಿದಳು. ಅವತ್ತೇ ಅಣ್ಣನಿಗೆ, ಅಂಗಡಿಯವನಿಗೆ ಬೇರೆ ಹೆಣ್ಣು ನೋಡಿಕೊಳ್ಳಲು ಹೇಳು, ಅಮ್ಮ ಕಾಯಿ ಅಂದಮೇಲೆ ಮುದುಕಿಯಾಗುವವರೆಗೂ ಕಾಯುತ್ತೇನೆ ಎಂದು ಹೇಳಿ ಕಳಿಸಿದಳು. ಗಂಡ ಬರುವವರೆಗೆ ತಲೆಗೆ ಎಣ್ಣೆ ಹಚ್ಚುವುದಿಲ್ಲ ಎಂದು ಹರಕೆ ಹೊತ್ತಳು. ಇಪ್ಪತ್ತೈದು ತುಂಬದ ಹುಡುಗಿ. ಅವಳ ಇಡೀ ಬಾಳನ್ನು ತಾನು ಒಂದು ಮಾತಿನಲ್ಲಿ ಕಟ್ಟಿಹಾಕಿದೆ ಎಂಬುದು ಓಬಯ್ಯನಿಗೆ ಹಗಲಿನಷ್ಟು ಸ್ಪಷ್ಟವಾಗಿತ್ತು. ಅವಳ ಕೂದಲು ದಿನದಿಂದ ದಿನಕ್ಕೆ ಕೆಂಚಗಾಗಿ ಹಾರಾಡುವುದನ್ನು ನೋಡಲಾರದೆ ಅವನು ಅವಳು ಬರುವ ಹೊತ್ತಿಗೆ ಹೊಲಕ್ಕೆ ಹೋಗತೊಡಗಿದ.

ಅವತ್ತು ಉಚ್ಚಂಗೆಮ್ಮನೂ ಮಜ್ಜಿಗೆ ಕುಡಿದು ಯಾವಾಗಿನಂತೆ ಕೇಳಿದ್ದಳು. “ಅಮ್ಮ ಏನಂದ್ಲು?”

“ಕಾಯಬೇಕು ಅಂದ್ಲು.”

“ಹಂಗಂದ್ಲಾ” ಅಂದು, ಗಂಡನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಚೆಂಬು ಕೆಳಗಿಟ್ಟಳು.

ಆ ನೋಟ ಅವನನ್ನು ಬಿಡಲಿಲ್ಲ. ಅವಳಿಗೆ ಗೊತ್ತಿದೆಯೆ? ಗೊತ್ತಿದ್ದರೆ ಹೇಗೆ? ಕೇಳೋಣ ಎಂದರೆ, ಕೇಳಿದರೆ ಹೇಳಿದಂತೆಯೇ. ಎರಡು ವರ್ಷ ಒಂದೇ ಸೂರಿನ ಕೆಳಗೆ, ಒಂದೇ ಒಲೆಯ ಮುಂದೆ ಕೂತು ಉಂಡ ಹೆಂಡತಿಗೆ ಹೆದರಿ ಅವನು ಊಟವನ್ನೂ ಜಗಲಿಗೆ ತಂದುಕೊಂಡು ಉಣ್ಣತೊಡಗಿದ.

ಮುಂದಿನ ಮಂಗಳವಾರ ಮುದ್ದಕ್ಕ ಎಂಬ ಮುದುಕಿ ಮೊಣಕಾಲು ನೋವಿಗೆ ಕೇಳಲು ಬಂದಳು. ಕಂಬಳಿ ಬಿತ್ತು. ಅದೇ ಕೆಸರು ವಾಸನೆ, ಅದೇ ಮಾತು: “ನೀಳ್ಳಲೋ ಪೋಯಿನೋಡು...” ಓಬಯ್ಯ ಹೊರಗೆ ಬಂದು, ಬೇವಿನೆಣ್ಣೆ ಹಚ್ಚಿ ಬಿಸಿನೀರು ಹಾಕಿಕೋ ಎಂದು ತನಗೆ ತೋಚಿದ್ದು ಹೇಳಿ ಕಳಿಸಿದ. 

ಅವಳ ಹಿಂದೆಯೇ ಕೊರಟಗೆರೆಯವನೊಬ್ಬ ಬೀಜದ ಹೋರಿ ಕಳೆದುಕೊಂಡು ಬಂದಿದ್ದ. ಅವನಿಗೂ ಅದೇ ಉತ್ತರ. ಅದರ ಮುಂದಿನ ವಾರವೂ ಹಾಗೆಯೇ. ಮಕ್ಕಳಾಗದವರಿಗೆ, ಕೊಳವೆ ಬಾವಿ ಎಲ್ಲಿ ಕೊರೆಸಲಿ ಎಂದವರಿಗೆ, ಮಗಳಿಗೆ ಗಂಡು ಯಾವ ದಿಕ್ಕಿನಿಂದ ಬರುತ್ತದೆ ಎಂದವರಿಗೆ, ಅಮ್ಮನಲ್ಲಿ ಅದೊಂದೇ ಮಾತು. ಓಬಯ್ಯ ಹೊರಗೆ ನಿಂತು ಒಬ್ಬೊಬ್ಬರಿಗೂ ಒಂದೊಂದು ಕಟ್ಟಿ ಹೇಳಿದ. ಜನ ಅಡ್ಡಬಿದ್ದು, ಕಾಯಿ ಒಡೆದು, ಖುಷಿಯಿಂದ ಹೋದರು. ಅವನಿಗೆ ನಾಚಿಕೆಯಿಂದ ನೆಲಕ್ಕಿಳಿದ ಹಾಗಾಯಿತು.

ಅದರಾಚೆಯ ಮಂಗಳವಾರ ರಾಧಮ್ಮ ಎಂಬುವವಳು ಮಗನ ಕುಡಿತ ಬಿಡಿಸಲು ಬಂದಿದ್ದಳು. ಕಂಬಳಿ ಮುಚ್ಚಿದರು. ಓಬಯ್ಯ ಆ ಮಾತಿಗೆ ಕಾದು ಕೂತ. ಮಾತು ಬರಲಿಲ್ಲ. ಹೊರಗೆ ಉರುಮೆ ಬಡಿಯುತ್ತಲೇ ಇತ್ತು. ಒಳಗೆ ಉಸಿರು ಮಾತ್ರ. ಆಮೇಲೆ ಗಟಗಟ ನೀರು ಕುಡಿದ ಸದ್ದು ಕೇಳಿತು, ಅವನ ಕಿವಿಯ ಹತ್ತಿರವೇ.

“ಸಾಕು” ಅಂದ ಓಬಯ್ಯ. ಕಂಬಳಿಯೊಳಗೆ ಅವನ ಬಾಯಿ ಅದೇ ಮೊದಲು ತೆರೆದದ್ದು. “ಸಾಕು ಕಣಪ್ಪ. ನಿಮ್ಮವ್ವಂಗೆ ಹೇಳ್ತೀನಿ. ನೀನು ಹೋದೆ, ಹೊಳೆ ನಿನ್ನ ಎಳ್ಕಂಡು ಹೋತು, ನಂಗೆ ಅವತ್ತೇ ಗೊತ್ತಾತು. ಹೇಳಾಕೆ ಬಾಯಿ ಬರ್ಲಿಲ್ಲ. ಎಡೆ ಇಡ್ಲಿಲ್ಲ, ತಿಥಿ ಮಾಡ್ಲಿಲ್ಲ, ನಿನ್ನ ಹಸ್ಕಂಡು ತಿರುಗಾಕೆ ಬಿಟ್ಟೆ.” ಹೇಳುತ್ತಾ ಹೇಳುತ್ತಾ ಅವನು ಬಿಕ್ಕಿ ಅಳುತ್ತಿದ್ದ. ಕಂಬಳಿ ಅಲ್ಲಾಡುವುದನ್ನು ನೋಡಿ ಯರ್ರಪ್ಪ ಉರುಮೆ ನಿಲ್ಲಿಸಿದ.

ಒಂದು ಕೈ ಕಂಬಳಿಯನ್ನು ಎಳೆದು ಹಾಕಿತು. ಅದು ಉಚ್ಚಂಗೆಮ್ಮನ ಕೈ. ಅವಳ ಕಣ್ಣು ತಿಳಿಯಾಗಿತ್ತು. ಮೈಯಲ್ಲಿ ನಡುಕ ಇರಲಿಲ್ಲ. ಸೇರಿದ್ದವರಿಗೆ “ಇವತ್ತು ಅಮ್ಮ ಬರಲ್ಲ, ಹೋಗ್ರಪ್ಪ” ಅಂದಳು. ಏನಾಯಿತು ಎಂದು ತಿಳಿಯದೆ ಜನ ಗುಡ್ಡ ಇಳಿದರು.

ಇಬ್ಬರೇ ಉಳಿದ ಮೇಲೆ ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಅವತ್ತು ಚಳ್ಳಕೆರೆ ಸಂತೆಯಿಂದ ಬಂದು ನೀನು ಬಾಗಿಲಾಗೆ ನಿಂತಿದ್ದೆ. ಮುದ್ದೆ ತಿರುವ್ತಾ ನಿನ್ನ ಮುಖ ನೋಡ್ದೆ. ಮಗ ಇಲ್ಲ ಅಂಬೋದು ಅವತ್ತೇ ತಿಳೀತು. ನೀನಾಗೆ ಹೇಳ್ತೀಯ ಅಂತ ಕಾದೆ.”

“ಮತ್ತೆ ಕಂಬಳಿ ಒಳಗೆ ನೀನೇನಾ ಅಂದಿದ್ದು? ನೀರು ಅಂತ?”

“ಯಾವ ನೀರು?” ಅಂದಳು ಉಚ್ಚಂಗೆಮ್ಮ. “ಹೆಂಗೆ ಹೋದ ಅಂತ ನಂಗೆ ಈಗ ನೀನು ಅಂದಮ್ಯಾಲೆ ಗೊತ್ತಾಗಿದ್ದು.”

ಓಬಯ್ಯ ಬಂಡೆಯ ಕೆಳಗಿನ ಕತ್ತಲೆಯನ್ನು ಒಮ್ಮೆ ನೋಡಿದ. ಅತ್ತ ಬೆನ್ನು ಹಾಕಲು ಹೆದರಿಕೆಯಾಗಿ, ಸ್ವಲ್ಪ ದೂರ ಹಿಂದುಹಿಂದಕ್ಕೇ ನಡೆದ. ದಾರಿಯಲ್ಲಿ ಉಚ್ಚಂಗೆಮ್ಮ ಒಂದೇ ಮಾತು ಹೇಳಿದಳು. “ಹುಡುಗಿಗೆ ನೀನೇ ಹೇಳಬೇಕು. ಅಮ್ಮ ಅಂದ್ಲು ಅಂತ ಹೇಳಬ್ಯಾಡ. ನೀನು ಹೇಳು.”

ಶೃತಿ ಸಂಜೆಯ ಬಸ್ಸಿಗೆ ಬಂದಳು. ಚೀಲವನ್ನು ಗೂಟಕ್ಕೆ ಹಾಕಿ ಕಾಲು ತೊಳೆಯಲು ಹೊರಟವಳನ್ನು ಓಬಯ್ಯ ಕರೆದ. “ಕೂತ್ಕಳವ್ವ” ಅಂದ. ಅವಳು ಕೂರಲಿಲ್ಲ. ಅತ್ತೆಯ ಮುಖ ನೋಡಿದಳು, ಮಾವನ ಮುಖ ನೋಡಿದಳು. ಅವನ ನಾಲಿಗೆಗೆ ರೂಢಿಯ ಮಾತುಗಳೇ ಮುಂದಾಗಿ ಬಂದವು, ದೂರ, ದಾರಿ, ಕಾಲ ಎಂದು. ಎಲ್ಲವನ್ನೂ ನುಂಗಿದ.

“ಮಹಾಂತೇಶ ಸತ್ತೋದ. ಹೊಳೇಗೆ ಇಳಿದಿದ್ದ, ನೀರು ಎಳ್ಕಂಡು ಹೋತು, ಹೆಣ ಸಿಗ್ಲಿಲ್ಲ. ನಂಗೆ ಗೊತ್ತಿತ್ತು. ನಾನು ನಿಂಗೆ ಸುಳ್ಳು ಹೇಳ್ದೆ. ಕಾಯಿ ಅಂತ ಅಮ್ಮ ಅನ್ಲಿಲ್ಲ, ನಾನು ಅಂದೆ.”

ಶೃತಿ ಕಂಬ ಹಿಡಿದುಕೊಂಡಳು.

“ಯಾವತ್ತು ಮಾವ?”

“ಎರಡು ವರ್ಷ ಆತು. ಆಷಾಢದಾಗೆ.”

ಓಬಯ್ಯ, “ನಿನ್ನ ಮುಖ ನೋಡಿ ಹೇಳಾಕೆ ಮನಸು ಬರ್ಲಿಲ್ಲವ್ವ, ನೀನು ತಡ್ಕಳಲ್ಲ ಅಂತ...” ಎಂದು ಶುರು ಮಾಡಿದವನು ಅದು ತನ್ನನ್ನು ತಾನು ಉಳಿಸಿಕೊಳ್ಳುವ ಮಾತು ಎಂದು ತಿಳಿದು ನಿಲ್ಲಿಸಿದ.

“ಹೇಳಿದ್ರೆ ಅಳ್ತಿದ್ದೆ” ಅಂದಳು ಶೃತಿ. “ಅಷ್ಟೇ ಅಲ್ವಾ ಮಾವ? ಎರಡು ವರ್ಷ ಅವ್ರಿಗೋಸ್ಕರ ಅಳಾಕೂ ಬಿಡ್ಲಿಲ್ಲ ನೀವು ನನ್ನ.”

ಉಚ್ಚಂಗೆಮ್ಮ ಎದ್ದು ಬಂದು ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು. ಮೊದಲು ಸೊಸೆಯ ದನಿ ಎದ್ದಿತು, ಅದರ ಮೇಲೆ ಅತ್ತೆಯದು. ಇಬ್ಬರೂ ಮಹಾಂತೇಶನ ಹೆಸರು ಹಿಡಿದು, ಅವನು ಉಟ್ಟದ್ದು, ಉಂಡದ್ದು, ನಕ್ಕದ್ದೆಲ್ಲ ಹಾಡಿಕೊಂಡು ಅತ್ತರು.

ಹಟ್ಟಿಯಲ್ಲಿ ಗೋಳಿನ ದನಿ ಕೇಳಿದರೆ ಯಾರೂ ಕರೆಯಲೆಂದು ಕಾಯುವುದಿಲ್ಲ. ಕುರಿ ಕೂಡುತ್ತಿದ್ದವರು, ರೊಟ್ಟಿ ತಟ್ಟುತ್ತಿದ್ದವರು, ಯರ್ರಪ್ಪ, ಎಲ್ಲರೂ ಕೈಲಿದ್ದದ್ದು ಬಿಟ್ಟು ಓಡಿಬಂದರು. ಬಂದವರೆಲ್ಲ ಬಾಗಿಲಲ್ಲಿ ನಿಂತಿದ್ದ ಓಬಯ್ಯನನ್ನೇ ಕೇಳಿದರು, ಯಾರು ಹೋದರು, ಯಾವಾಗ ಎಂದು.

“ನನ್ನ ಮಗ” ಅಂದ ಅವನು. “ಎರಡು ವರ್ಷ ಆತು.”

ಕೇಳಿದವರು ಅರ್ಥವಾಗದೆ ಒಳಗಿನ ಗೋಳಿನತ್ತ ನೋಡಿ, ಅವನತ್ತ ನೋಡಿ, ಇನ್ನೊಮ್ಮೆ ಕೇಳಿದರು. ಅವನು ಇನ್ನೊಮ್ಮೆ ಹೇಳಿದ.